ಒಂದೇ ಕಾಡಿನಲ್ಲಿ ಇಷ್ಟೊಂದು ಬಗೆಯ ಬಾವಲಿಗಳೇ?

ಪ್ರಶ್ನೆ: ಪನಾಮಾ ದೇಶದ ಪುಟ್ಟ ದ್ವೀಪವೊಂದರ ಕಾಡಿನಲ್ಲಿ 70ಕ್ಕೂ ಹೆಚ್ಚು ಬಗೆಯ ಬಾವಲಿಗಳಿವೆ ಎಂದು ಓದಿದೆ. ಇದು ನಿಜವೇ? ಅವೆಲ್ಲ ಒಂದೇ ಕಡೆ ಹೇಗೆ ಬದುಕುತ್ತವೆ? ಆಹಾರಕ್ಕೆ ಪೈಪೋಟಿ ಆಗುವುದಿಲ್ಲವೇ?

ಉತ್ತರ: ನೀವು ಓದಿದ್ದು ನಿಜ. ಆ ದ್ವೀಪ ಬಾರೋ ಕೊಲರಾಡೋ. ಪನಾಮಾ ಕಾಲುವೆಗಾಗಿ ನದಿಗೆ ಅಣೆಕಟ್ಟು ಕಟ್ಟಿದಾಗ ನೀರಿನಲ್ಲಿ ಮುಳುಗದೆ ಉಳಿದ ಗುಡ್ಡವೇ ಈ ದ್ವೀಪ. ವಿಸ್ತಾರ ಸುಮಾರು 15 ಚದರ ಕಿಲೋಮೀಟರ್. 1923ರಿಂದ ಅದು ಸಂರಕ್ಷಿತ ಕಾಡು.

ಮೊದಲು ಒಂದು ವಿಷಯ ಸ್ಪಷ್ಟಮಾಡಿಕೊಳ್ಳೋಣ. ಬಾವಲಿಗಳ ಸಂಖ್ಯೆ ಬೇರೆ, ಬಗೆಗಳ ಸಂಖ್ಯೆ ಬೇರೆ. ಅಮೆರಿಕದ ಟೆಕ್ಸಸ್‌ನಲ್ಲಿರುವ ಬ್ರಾಕನ್ ಗುಹೆಯಲ್ಲಿ ಬೇಸಿಗೆಯಲ್ಲಿ ಕೋಟಿಗೂ ಹೆಚ್ಚು ಬಾವಲಿಗಳು ಸೇರುತ್ತವೆ. ಆದರೆ ಅವು ಒಂದೇ ಪ್ರಭೇದದವು. ಈ ದ್ವೀಪದಂಥ ಮಳೆಕಾಡಿನ ಹೆಚ್ಚುಗಾರಿಕೆ ಇರುವುದು ಪ್ರಭೇದಗಳ ವೈವಿಧ್ಯದಲ್ಲಿ.

ಈಗ ಪೈಪೋಟಿಯ ವಿಚಾರ. ಪೈಪೋಟಿ ಇದ್ದೇ ಇದೆ. ಅದು ಮೂರು ಕಾರಣಗಳಿಂದ ತಗ್ಗುತ್ತದೆ.

ಒಂದು, ಆಹಾರ. ಕೆಲವು ಬಾವಲಿಗಳು ಅತ್ತಿಜಾತಿಯ ಹಣ್ಣು ತಿನ್ನುತ್ತವೆ, ಕೆಲವು ಮಕರಂದ ಹೀರುತ್ತವೆ, ಹಲವು ಕೀಟ ಹಿಡಿಯುತ್ತವೆ. ಒಂದು ಬಗೆ ನೀರಿನ ಮೇಲೆ ಹಾರುತ್ತ ಕಾಲುಗುರುಗಳಿಂದ ಮೀನು ಹಿಡಿಯುತ್ತದೆ. ಇನ್ನೊಂದು ಗಂಡು ಕಪ್ಪೆಗಳ ಕೂಗು ಕೇಳಿಯೇ ಅವನ್ನು ಬೇಟೆಯಾಡುತ್ತದೆ. ತಿನ್ನಬಹುದಾದ ಕಪ್ಪೆ ಯಾವುದು, ವಿಷದ್ದು ಯಾವುದು ಎಂಬುದನ್ನೂ ಅದು ಕೂಗಿನಿಂದಲೇ ಗುರುತಿಸುತ್ತದೆ ಎಂದು ವಿಜ್ಞಾನಿಗಳಾದ ಮರ್ಲಿನ್ ಟಟಲ್ ಮತ್ತು ಮೈಕೆಲ್ ರಯಾನ್ 1981ರಲ್ಲಿ ತೋರಿಸಿಕೊಟ್ಟರು.

ಎರಡು, ಹಾರುವ ಜಾಗ. ಉದ್ದನೆಯ ಕಿರಿದಾದ ರೆಕ್ಕೆಯವು ಮರಗಳ ನೆತ್ತಿಯ ಮೇಲೆ ವೇಗವಾಗಿ ಹಾರುತ್ತವೆ. ಅಗಲ ರೆಕ್ಕೆಯವು ಕೊಂಬೆರೆಂಬೆಗಳ ನಡುವೆ ನಿಧಾನವಾಗಿ ಸುಳಿದಾಡುತ್ತವೆ. ಹಾಗಾಗಿ ಎರಡೂ ಕೀಟ ತಿನ್ನುವ ಬಾವಲಿಗಳೇ ಆದರೂ ಬೇಟೆಯ ತಾಣ ಬೇರೆ ಬೇರೆ.

ಮೂರು, ಹಗಲಿನ ತಂಗುದಾಣ. ಬಾವಲಿ ಎಂದರೆ ಗುಹೆ ನೆನಪಾಗುವುದು ಸಹಜ. ಇಲ್ಲಿ ಹಲವು ಬಗೆಗಳು ಮರದ ಪೊಟರೆಯಲ್ಲಿರುತ್ತವೆ. ಕೆಲವು ದೊಡ್ಡ ಎಲೆಯ ನರಗಳನ್ನು ಕಚ್ಚಿ, ಎಲೆಯನ್ನು ಮಡಿಸಿ, ಅದರಡಿ ತಂಗುತ್ತವೆ. ಒಂದು ಬಗೆಯ ಗಂಡು ಬಾವಲಿ ಮರದ ಮೇಲಿನ ಗೆದ್ದಲುಗೂಡನ್ನು ಹಲ್ಲಿನಿಂದ ಕೊರೆದು ಮನೆ ಮಾಡಿಕೊಳ್ಳುತ್ತದೆ.

ಈ ವೈವಿಧ್ಯ ತೇವಭರಿತ ಉಷ್ಣವಲಯದಲ್ಲೇ ಏಕೆ ಹೆಚ್ಚು ಎಂದೂ ನಿಮಗೆ ಅನಿಸಬಹುದು. ಚಳಿನಾಡಿನಲ್ಲಿ ಚಳಿಗಾಲ ಬಂದರೆ ಕೀಟವೂ ಇಲ್ಲ, ಹಣ್ಣೂ ಇಲ್ಲ. ಬಾವಲಿಗಳು ದೀರ್ಘನಿದ್ರೆಗೆ ಜಾರಬೇಕು ಇಲ್ಲವೇ ವಲಸೆ ಹೋಗಬೇಕು. ಮಳೆಕಾಡಿನಲ್ಲಿ ಅತ್ತಿಜಾತಿಯ ಮರಗಳು ಒಟ್ಟಿಗೇ ಹಣ್ಣು ಬಿಡುವುದಿಲ್ಲ. ಒಂದು ಮುಗಿಸುವಾಗ ಇನ್ನೊಂದು ಶುರುಮಾಡುತ್ತದೆ. ಆದ್ದರಿಂದಲೇ ಹಣ್ಣನ್ನೇ ನಂಬಿದ ಬಾವಲಿಯೂ ವರ್ಷವಿಡೀ ಅಲ್ಲೇ ಬದುಕಬಲ್ಲದು.

ನಮ್ಮ ಪಶ್ಚಿಮಘಟ್ಟದಲ್ಲೂ ಪ್ರಭೇದಗಳು ಬೇರೆಯಾದರೂ ಇದೇ ಸೂತ್ರ ಅನ್ವಯಿಸುತ್ತದೆ. ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ಬಾರಾಪೆಡೆ ಗುಹೆಯಲ್ಲಿರುವ ರಾಟನ್ ಬಾವಲಿಗೆ 1913ರಲ್ಲಿ ವೈಜ್ಞಾನಿಕ ಹೆಸರಿಡಲಾಯಿತು. ಆಮೇಲೆ ಬಹುಕಾಲ ಅದು ಜಗತ್ತಿನಲ್ಲಿ ಬೇರೆಲ್ಲೂ ಕಂಡಿರಲಿಲ್ಲ. ಒಂದು ತಂಗುದಾಣ ಹಾಳಾದರೂ ಇಂಥ ಪ್ರಭೇದಕ್ಕೇ ಕುತ್ತು ಬರಬಹುದು. ಹಾಗಾಗಿ ಬಾವಲಿಗಳ ವೈವಿಧ್ಯ ಉಳಿಯಬೇಕಾದರೆ ಕಾಡು ಹಸಿರಾಗಿದ್ದರಷ್ಟೇ ಸಾಲದು. ಪೊಟರೆಯ ಹಳೆಮರ, ಅತ್ತಿಮರ, ಹಳ್ಳ, ಗುಹೆ ಎಲ್ಲವೂ ಉಳಿಯಬೇಕು.