ಬೇಸಿಗೆಯ ಬಿಡುವಿನಲ್ಲಿ ಟ್ರ್ಯಾಕ್ಟರಿನ ಬ್ಯಾಟರಿಯ ಸಂರಕ್ಷಣೆ

ಬೆಂಗಳೂರಿನ ದಕ್ಷಿಣದಲ್ಲಿ ಕನಕಪುರದ ರಸ್ತೆಗೆ ಸಮೀಪವಾಗಿರುವ ಅಂಜನಾಪುರವು ಈಗ ಬಹುಮಟ್ಟಿಗೆ ಬಡಾವಣೆಯಾಗಿ ಹೋಗಿದೆ. 2021ನೆಯ ಇಸವಿಯ ಜನವರಿಯಲ್ಲಿ ಮೆಟ್ರೋ ರೈಲು ಸಹ ಆ ರಸ್ತೆಯ ರೇಷ್ಮೆ ಸಂಸ್ಥೆಯ ನಿಲ್ದಾಣದವರೆಗೆ ಬಂದಿತು. ಆದಾಗ್ಯೂ ಅಲ್ಲಿಂದ ಕಗ್ಗಲೀಪುರದ ಕಡೆಗೆ ಹೋದಂತೆ ರಾಗಿ, ಅವರೆಗಳ ಹೊಲಗಳು ಇನ್ನೂ ಕಾಣಬರುತ್ತವೆ. ಸುಗ್ಗಿಯ ಕೆಲಸವೂ ಮಾಗಿಯ ಉಳುಮೆಯೂ ಮುಗಿದ ತರುವಾಯ, ಸಾಗಾಣಿಕೆಯ ಕೆಲಸವಿಲ್ಲದ ಟ್ರ್ಯಾಕ್ಟರುಗಳು ಭರಣಿ ಮಳೆ ಬೀಳುವವರೆಗೆ ಸುಮಾರು ಮೂರು ತಿಂಗಳು ಕೊಟ್ಟಿಗೆಯಲ್ಲಿ ನಿಂತಿರುವುದುಂಟು.

ಯಂತ್ರವು ನಿಂತಿತೆಂದರೆ ಬ್ಯಾಟರಿಗೂ ವಿಶ್ರಾಂತಿಯೆಂದು ಅನೇಕರು ಭಾವಿಸುತ್ತಾರೆ. ಈ ಭಾವನೆ ತಪ್ಪು. ಎತ್ತು ಕೊಟ್ಟಿಗೆಯಲ್ಲಿ ನಿಂತರೆ ಮೈ ತುಂಬಿಕೊಳ್ಳುವುದು. ಬ್ಯಾಟರಿಯಾದರೋ ನಿಂತಲ್ಲಿಯೇ ಸೊರಗುವುದು. ಮೊದಲ ಹದಮಳೆ ಬಿದ್ದ ಬೆಳಿಗ್ಗೆ ಕೀಲಿ ತಿರುಗಿಸಿದರೆ 'ಟಿಕ್' ಎಂಬ ಸದ್ದು ಮಾತ್ರ ಕೇಳಿಬರುವುದು. ಕೆಂಪು ನೆಲದ ಹದವು ಕೆಲವೇ ದಿನ ನಿಲ್ಲತಕ್ಕದ್ದು. ಆಗ ಬಾಡಿಗೆಯ ಟ್ರ್ಯಾಕ್ಟರೂ ಸುಲಭವಾಗಿ ದೊರೆಯದು, ಏಕೆಂದರೆ ಎಲ್ಲರ ಹೊಲಕ್ಕೂ ಅದೇ ಹದ. ಕೈಯಿಂದ ತಿರುಗಿಸಿ ಎಬ್ಬಿಸುವ ಟಿಲ್ಲರುಗಳನ್ನು ಇಟ್ಟುಕೊಂಡವರಿಗೆ ಮಾತ್ರ ಈ ಚಿಂತೆಯಿಲ್ಲ.

1859ರಲ್ಲಿ ಫ್ರಾನ್ಸ್ ದೇಶದ ಗ್ಯಾಸ್ಟನ್ ಪ್ಲಾಂಟೆ ಎಂಬಾತನು ಕಂಡುಹಿಡಿದ ಸೀಸ ಮತ್ತು ಗಂಧಕಾಮ್ಲದ ಕೋಶವೇ ಇಂದಿಗೂ ಟ್ರ್ಯಾಕ್ಟರಿನ ಬ್ಯಾಟರಿಗೆ ಮೂಲ. ಇಂತಹ ಆರು ಕೋಶಗಳು ಸೇರಿ 12 ವೋಲ್ಟಿನ ಬ್ಯಾಟರಿಯಾಗುತ್ತದೆ. ವಿದ್ಯುತ್ತು ವೆಚ್ಚವಾದಂತೆಲ್ಲಾ ಸೀಸದ ಫಲಕಗಳ ಮೇಲೆ ಸೀಸದ ಸಲ್ಫೇಟ್ ಎಂಬ ಬಿಳಿಯ ಪದಾರ್ಥವು ಕೂಡುವುದು. ಚಾರ್ಜು ಮಾಡಿದಾಗ ಕರಗಿಹೋಗುವುದು. ಯಾವ ತಂತಿಯನ್ನೂ ಜೋಡಿಸದೆ ಇಟ್ಟರೂ ಒಳಗಿನ ಕ್ರಿಯೆಯು ಮೆಲ್ಲನೆ ನಡೆದೇ ಇರುತ್ತದೆ. ಬರಿದಾದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೆಯೇ ಬಿಟ್ಟರೆ ಈ ಸಲ್ಫೇಟು ಗಟ್ಟಿಯಾದ ಹರಳುಗಳಾಗಿ ಫಲಕಗಳನ್ನು ಮುಚ್ಚುವುದು. ಅನಂತರ ಎಷ್ಟು ಚಾರ್ಜು ಮಾಡಿದರೂ ಅದು ಪೂರ್ತಿಯಾಗಿ ಕರಗದು. ಬ್ಯಾಟರಿಯು ದುಡಿದು ಸವೆಯುವುದಕ್ಕಿಂತ ಹೀಗೆ ನಿಂತು ಕೆಡುವುದೇ ಹೆಚ್ಚು ನಷ್ಟಕರವೆಂದು ಹೇಳಬಹುದು.

ಸೆಖೆಯು ಈ ಸೋರಿಕೆಯನ್ನು ಹೆಚ್ಚಿಸುತ್ತದೆ. ಉಷ್ಣತೆಯು 10 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು ಇಮ್ಮಡಿಯಾಗುವುದು. ಪಶ್ಚಿಮದ ಶೀತದೇಶಗಳಲ್ಲಿ ಮನೆಬಂಡಿಗಳನ್ನು ಇಟ್ಟುಕೊಂಡವರು ಚಳಿಗಾಲದಲ್ಲಿ ಅವನ್ನು ನಿಲ್ಲಿಸುತ್ತಾರೆ. ಅಲ್ಲಿಯ ಚಳಿಯು ತುಂಬಿದ ಬ್ಯಾಟರಿಗೆ ರಕ್ಷೆಯೇ ಸರಿ. ಬರಿದಾದದ್ದು ಮಾತ್ರ ಹೆಪ್ಪುಗಟ್ಟಿ ಒಡೆಯುವ ಭಯವುಂಟು. ನಮ್ಮಲ್ಲಿ ಯಂತ್ರವು ನಿಲ್ಲುವ ಕಾಲವೇ ವರ್ಷದ ಅತ್ಯಂತ ಬಿಸಿಯ ಕಾಲ. ಆದಕಾರಣ ಒಮ್ಮೆ ಚಾರ್ಜು ಮಾಡಿ ಋತು ಮುಗಿಯುವವರೆಗೂ ಮರೆತಿರುವ ಪದ್ಧತಿಯು ಇಲ್ಲಿಗೆ ಹೊಂದತಕ್ಕದ್ದಲ್ಲ. ಶೀಟು ಹೊದಿಸಿದ ಕೊಟ್ಟಿಗೆಯು ಮಧ್ಯಾಹ್ನ ಕಾದು ಕುಲುಮೆಯಂತಾಗುವುದರಿಂದ, ಬ್ಯಾಟರಿಯನ್ನು ಬಿಚ್ಚಿ ತಂಪಾದ, ಗಾಳಿಯಾಡುವ, ಮಕ್ಕಳ ಕೈಗೆ ಸಿಕ್ಕದ ಸ್ಥಳದಲ್ಲಿ ಇಡುವುದು ಮೇಲು.

ಬಿಚ್ಚುವಾಗ ಮೊದಲು ಋಣ ತುದಿಯ ತಂತಿಯನ್ನು, ಆಮೇಲೆ ಧನ ತುದಿಯದನ್ನು ತೆಗೆಯತಕ್ಕದ್ದು. ಈ ಕ್ರಮವು ತಪ್ಪಿದರೆ ಸ್ಪ್ಯಾನರು ಯಂತ್ರದ ಕಬ್ಬಿಣಕ್ಕೆ ತಗುಲಿ ಕಿಡಿ ಹಾರುವ ಸಂಭವವಿದೆ. ತುದಿಗಳ ಮೇಲೆ ಕೂಡಿದ ಹಸಿರು, ಬಿಳಿ ಬಣ್ಣದ ಕಿಲುಬನ್ನು ಅಡಿಗೆ ಸೋಡಾ ಬೆರೆಸಿದ ನೀರಿನಿಂದ ಉಜ್ಜಿ, ಒರೆಸಿ, ಒಣಗಿದ ಮೇಲೆ ತೆಳುವಾಗಿ ವ್ಯಾಸಲೀನು ಸವರಬೇಕು. ಸೋಡಾ ನೀರಿನ ಒಂದು ಹನಿಯೂ ಕೋಶದೊಳಕ್ಕೆ ಬೀಳಕೂಡದು. ಬ್ಯಾಟರಿಯನ್ನು ನೆಲದ ಮೇಲಿಟ್ಟರೆ ವಿದ್ಯುತ್ತು ಭೂಮಿಗೆ ಇಳಿದುಹೋಗುವುದೆಂಬ ನಂಬಿಕೆಯು ಹಿಂದಿನ ಕಾಲದ ಮರದ ಪೆಟ್ಟಿಗೆಯ ಬ್ಯಾಟರಿಗಳಿಂದ ಉಳಿದುಬಂದದ್ದು. ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ಆ ಭಯವಿಲ್ಲ.

ನೀರಿನ ವಿಷಯದಲ್ಲಿ ಹೆಚ್ಚಿನ ಎಚ್ಚರಿಕೆ ಬೇಕು. ಕೋಶಗಳಿಗೆ ಬಟ್ಟಿ ಇಳಿಸಿದ ನೀರನ್ನಲ್ಲದೆ ಬೇರೇನನ್ನೂ ಹಾಕಕೂಡದು. ಕೊಳವೆ ಬಾವಿಯ ನೀರಿನಲ್ಲಿರುವ ಲವಣಗಳು ಫಲಕಗಳಿಗೆ ಹಾನಿಕರ. ಆಮ್ಲವನ್ನಂತೂ ಮನೆಯಲ್ಲಿ ಸುರಿಯಲೇಬಾರದು; ಆವಿಯಾಗಿ ಹೋಗುವುದು ನೀರು ಮಾತ್ರ. ಫಲಕಗಳು ಮುಳುಗಿರುವಷ್ಟು ದ್ರಾವಣವಿದ್ದರೆ, ಪೂರ್ತಿ ಚಾರ್ಜಾದ ಮೇಲೆಯೇ ಗುರುತಿನ ಮಟ್ಟಕ್ಕೆ ನೀರು ತುಂಬಬೇಕು. ಮೊದಲೇ ತುಂಬಿದರೆ ದ್ರಾವಣವು ಉಬ್ಬಿ ಹೊರಸೂಸುವುದು. ಮುಚ್ಚಳ ತೆರೆಯಲಾಗದ ಬಗೆಯ ಬ್ಯಾಟರಿಗಳಿಗೆ ನೀರಿನ ಕೆಲಸವಿಲ್ಲ, ಆದರೆ ಚಾರ್ಜಿನ ಕೆಲಸ ತಪ್ಪಿದ್ದಲ್ಲ.

ಬ್ಯಾಟರಿಯ ಆಂಪಿಯರ್-ಗಂಟೆಗಳ ಹತ್ತನೆಯ ಒಂದು ಪಾಲಿನಷ್ಟು ಹರಿವಿನಲ್ಲಿ ಚಾರ್ಜು ಮಾಡುವುದು ವಾಡಿಕೆ. 80ರದಕ್ಕೆ 8 ಆಂಪಿಯರ್. ಆಗ ಹೊರಡುವ ಜಲಜನಕವು ಕಿಡಿ ತಗುಲಿದರೆ ಸಿಡಿಯುವಂತಹುದು. ಹುಲ್ಲಿನ ಬಣವೆ, ದೀಪ, ಬೀಡಿ ಇವು ಹತ್ತಿರ ಸುಳಿಯಕೂಡದು. ಚಾರ್ಜು ಮಾಡಿ ಕೆಲವು ಗಂಟೆ ಬಿಟ್ಟು ಅಳೆದರೆ 12.6 ವೋಲ್ಟಿಗೆ ಕಡಿಮೆಯಿಲ್ಲದೆ ತೋರಬೇಕು. ಅನಂತರ ತಿಂಗಳಿಗೊಮ್ಮೆ ಅಳೆಯುತ್ತಿದ್ದು, 12.4ಕ್ಕೆ ಇಳಿದೊಡನೆ ಮರಳಿ ಚಾರ್ಜು ಮಾಡತಕ್ಕದ್ದು. 12ಕ್ಕೆ ಇಳಿಯುವವರೆಗೆ ಕಾದವರು ಆಗಲೇ ಫಲಕಗಳಿಗೆ ಕೇಡನ್ನು ತಂದುಕೊಂಡಿರುತ್ತಾರೆ. ವಾರಕ್ಕೊಮ್ಮೆ ಎಂಜಿನನ್ನು ಎಬ್ಬಿಸಿ ಹತ್ತು ನಿಮಿಷ ಬಿಡುವುದರಿಂದ ಸಾಕಾಗುವುದೆಂದು ನಂಬಿ ಡೀಸೆಲನ್ನು ಸುಡುವವರೂ ಉಂಟು. ಅಷ್ಟು ಹೊತ್ತಿನಲ್ಲಿ ಸೊರಗಿದ ಬ್ಯಾಟರಿಯು ತುಂಬುವುದಿಲ್ಲ. ಅದಕ್ಕೆ ಹಲವು ಗಂಟೆಗಳ ಚಾರ್ಜು ಬೇಕು.

ಇಷ್ಟರ ಮೇಲೂ ಚಾರ್ಜು ನಿಲ್ಲದಿದ್ದರೆ ಬ್ಯಾಟರಿಯ ಆಯಸ್ಸು ತೀರಿತೆಂದು ತಿಳಿಯಬೇಕು. ಅದರ ಆಮ್ಲವನ್ನು ಬಾವಿಯ ಬಳಿಯಲ್ಲಾಗಲಿ ಕೆರೆಯ ಅಂಗಳದಲ್ಲಾಗಲಿ ಚೆಲ್ಲಕೂಡದು. ಸೀಸವು ಜನರಿಗೂ ದನಕರುಗಳಿಗೂ ವಿಷ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಹಳೆಯ ಬ್ಯಾಟರಿಯನ್ನು ಪ್ರತ್ಯೇಕವಾಗಿಟ್ಟು ಸಂಗ್ರಹಕ್ಕೆ ಒಪ್ಪಿಸಬೇಕು. ಮಾರಾಟಗಾರರಿಗೆ ಹಿಂದಿರುಗಿಸಿದರೆ ಹೊಸದರ ಬೆಲೆಯಲ್ಲಿ ಸ್ವಲ್ಪ ವಜಾ ದೊರೆಯುವುದೂ ಉಂಟು.

ಚೆನ್ನಾಗಿರುವ ಬ್ಯಾಟರಿಯನ್ನು ಏಪ್ರಿಲ್ ಮಧ್ಯದಲ್ಲಿ, ಅಶ್ವಿನಿ ಮಳೆಯ ಕಾಲಕ್ಕೆ, ಇನ್ನೊಮ್ಮೆ ಪೂರ್ತಿ ಚಾರ್ಜು ಮಾಡಿ, ಈ ಸಾರಿ ಧನ ತುದಿಯನ್ನು ಮೊದಲೂ ಋಣ ತುದಿಯನ್ನು ಕೊನೆಗೂ ಜೋಡಿಸಿ, ಎಂಜಿನನ್ನು ಒಮ್ಮೆ ಎಬ್ಬಿಸಿ ನೋಡತಕ್ಕದ್ದು.