ಕಡಲಾಮೆ ಮರಿಗೆ ಅಪ್ಪ ಯಾರು?

ಹೆಣ್ಣು ಕಡಲಾಮೆ ಮೊಟ್ಟೆ ಇಡೋಕೆ ದಡಕ್ಕೆ ಬರುತ್ತೆ. ಅದನ್ನ ಎಣಿಸಬಹುದು, ಟ್ಯಾಗ್ ಹಾಕಬಹುದು. ಗಂಡು ಹಾಗಲ್ಲ. ಮರಿಯಾಗಿದ್ದಾಗ ಒಮ್ಮೆ ನೀರಿಗಿಳಿದ್ರೆ ಮತ್ತೆ ದಡ ಹತ್ತೋದು ಬಹಳ ಅಪರೂಪ. ಹಾಗಾದ್ರೆ ಸಮುದ್ರದಲ್ಲಿ ಎಷ್ಟು ಗಂಡುಗಳು ಅಪ್ಪ ಆಗ್ತಿವೆ ಅಂತ ತಿಳಿಯೋದು ಹೇಗೆ? ಮರಿಗಳ ಡಿಎನ್‌ಎ ನೋಡಿ.

ಯಾಕೆ ಬೇಕು ಈ ಲೆಕ್ಕ?

ಕಡಲಾಮೆ ಮರಿ ಗಂಡೋ ಹೆಣ್ಣೋ ಅನ್ನೋದನ್ನ ನಿರ್ಧರಿಸೋದು ಗೂಡಿನ ಮರಳಿನ ಬಿಸಿ. ಬಿಸಿ ಹೆಚ್ಚಾದ್ರೆ ಹೆಣ್ಣು ಮರಿಗಳೇ ಹೆಚ್ಚು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರ ಭಾಗದ ಹಸಿರು ಕಡಲಾಮೆಗಳ ಬಗ್ಗೆ 2018ರಲ್ಲಿ ಬಂದ ಅಧ್ಯಯನದ ಪ್ರಕಾರ, ಅಲ್ಲಿನ ಎಳೆಯ ಆಮೆಗಳಲ್ಲಿ ಶೇ. 99ಕ್ಕೂ ಹೆಚ್ಚು ಹೆಣ್ಣು. ಮುಂದೆ ಗಂಡುಗಳು ಸಾಕಾಗುತ್ತವಾ ಅನ್ನೋದೇ ಚಿಂತೆ.

ಮಾರ್ಕರ್ ಅಂದ್ರೇನು?

ಡಿಎನ್‌ಎಯಲ್ಲಿ 'ಸಿಎ ಸಿಎ ಸಿಎ' ಅನ್ನೋ ಥರ ಒಂದೇ ಸಣ್ಣ ತುಣುಕು ಮತ್ತೆ ಮತ್ತೆ ಬರೋ ಜಾಗಗಳಿವೆ. ಇವೇ ಮೈಕ್ರೊಸ್ಯಾಟಲೈಟ್‌ಗಳು. ಎಷ್ಟು ಸಲ ಬರುತ್ತೆ ಅನ್ನೋದು ಆಮೆಯಿಂದ ಆಮೆಗೆ ಬದಲಾಗುತ್ತೆ. ಪಿಸಿಆರ್‌ನಿಂದ ಆ ಜಾಗದ ನಕಲುಗಳನ್ನ ಮಾಡಿ ಉದ್ದ ಅಳೀತಾರೆ. ಪ್ರತಿ ಮರಿಯಲ್ಲೂ ಇದರ ಎರಡು ಪ್ರತಿ ಇರುತ್ತೆ: ಒಂದು ಅಮ್ಮನದು, ಒಂದು ಅಪ್ಪನದು.

ಒಂದು ಉದಾಹರಣೆ ಮಾಡೋಣ. ಅಮ್ಮ 150/158 ಅಂದ್ಕೊಳ್ಳಿ. ಅವಳ ಗೂಡಿನ ನಾಲ್ಕು ಮರಿಗಳು:

150/162
158/162
150/170
158/166

ಅಮ್ಮನ ಪಾಲು ಕಳೀರಿ. ಉಳಿದದ್ದು 162, 170, 166. ಒಬ್ಬ ಅಪ್ಪ ಹೆಚ್ಚೆಂದ್ರೆ ಎರಡು ಬಗೆ ಕೊಡಬಲ್ಲ. ಇಲ್ಲಿ ಮೂರಿವೆ. ಅಂದ್ರೆ ಕನಿಷ್ಠ ಇಬ್ಬರು ಅಪ್ಪಂದಿರು!

ಆದ್ರೆ ಒಂದೇ ಮಾರ್ಕರ್ ನಂಬೋಕಾಗಲ್ಲ. ಮರಿ 150/158 ಆಗಿದ್ರೆ ಯಾವುದು ಅಪ್ಪನದು ಅಂತ ಗೊತ್ತಾಗಲ್ಲ. ಮ್ಯುಟೇಶನ್‌ನಿಂದಲೂ ಉದ್ದ ಬದಲಾಗಬಹುದು. ಅದಕ್ಕೇ ಹಲವು ಮಾರ್ಕರ್ ಒಟ್ಟಿಗೆ ನೋಡ್ತಾರೆ. ಯಾವುದೋ ಒಂದು ಗಂಡು ಆಕಸ್ಮಿಕವಾಗಿ ಹೊಂದಿಕೆಯಾಗೋ ಸಾಧ್ಯತೆ ಒಂದು ಮಾರ್ಕರ್‌ನಲ್ಲಿ 0.2 ಇದ್ರೆ, ಪರಸ್ಪರ ಸಂಬಂಧ ಇಲ್ಲದ ಆರು ಮಾರ್ಕರ್‌ಗಳಲ್ಲಿ ಅದು 0.2ರ ಆರನೇ ಘಾತ, ಅಂದ್ರೆ 0.000064.

ಎಷ್ಟು ಮರಿ ಪರೀಕ್ಷಿಸಬೇಕು ಅನ್ನೋದೂ ಪ್ರಾಬಬಿಲಿಟಿ ಲೆಕ್ಕವೇ. ಎರಡನೇ ಅಪ್ಪನ ಪಾಲು ಶೇ. 10 ಮಾತ್ರ ಇದ್ರೆ, 10 ಮರಿ ನೋಡಿದಾಗ ಅವನ ಒಂದು ಮರಿಯೂ ಸಿಗದಿರೋ ಸಾಧ್ಯತೆ ಸುಮಾರು ಶೇ. 35. ಇಪ್ಪತ್ತು ನೋಡಿದ್ರೆ ಶೇ. 12.

ಏನು ಗೊತ್ತಾಯ್ತು?

ಕೋಸ್ಟರಿಕಾದ ಆಲಿವ್ ರಿಡ್ಲಿ ಆಮೆಗಳ ಬಗ್ಗೆ 2006ರಲ್ಲಿ ಒಂದು ಅಧ್ಯಯನ ಬಂತು. ಸಾವಿರಾರು ಆಮೆಗಳು ಒಟ್ಟಿಗೆ ಬರೋ ಒಸ್ಟಿಯೊನಾಲ್ ತೀರದಲ್ಲಿ ಶೇ. 92 ಗೂಡುಗಳಲ್ಲಿ ಒಬ್ಬರಿಗಿಂತ ಹೆಚ್ಚು ಅಪ್ಪಂದಿರಿದ್ರು. ಆಮೆಗಳು ಒಂಟಿಯಾಗಿ ಬರೋ ಪ್ಲಾಯಾ ಹೆರ್ಮೋಸಾದಲ್ಲಿ ಶೇ. 30 ಮಾತ್ರ.

ಸೀಶೆಲ್ಸ್‌ನ ಕೂಸೀನ್ ದ್ವೀಪದ ಹಾಕ್ಸ್‌ಬಿಲ್ ಆಮೆಗಳದ್ದು ಬೇರೆ ಕಥೆ. ಅಲ್ಲಿ 43 ಅಮ್ಮಂದಿರ ಮರಿಗಳಿಗೆ 47 ಅಪ್ಪಂದಿರು. ಬಹುತೇಕ ಅಮ್ಮಂದಿರ ಇಡೀ ಋತುವಿನ ಮರಿಗಳಿಗೆಲ್ಲ ಒಬ್ಬನೇ ಅಪ್ಪ. ಅಂದ್ರೆ ಹೆಣ್ಣು ವೀರ್ಯವನ್ನ ದೇಹದಲ್ಲೇ ಕಾಪಿಟ್ಟುಕೊಂಡು ಬಳಸುತ್ತೆ.

47 ಅನ್ನೋ ಸಂಖ್ಯೆ ನೋಡಿ. ಆ ಗಂಡುಗಳಲ್ಲಿ ಒಂದೂ ದಡಕ್ಕೆ ಬಂದಿರಲಿಲ್ಲ. ಮರಿಗಳಿಂದಲೇ ಅವುಗಳ ಲೆಕ್ಕ ಸಿಕ್ಕಿತು, ಅಲ್ಲಿ ಸದ್ಯಕ್ಕೆ ಗಂಡುಗಳ ಕೊರತೆ ಇಲ್ಲ ಅನ್ನೋ ಸಮಾಧಾನವೂ ಸಿಕ್ಕಿತು.