ವ್ಯವಹಾರ ಪತ್ರಗಳಲ್ಲಿ ‘ಹ್ಯಾವ್’ ಮತ್ತು ‘ಹ್ಯಾಡ್’

ವ್ಯಾಪಾರಸ್ಥರು ಹಾಗೂ ಸಣ್ಣ ಉತ್ಪಾದಕರು ಬರೆಯುವ ಇಂಗ್ಲಿಷ್ ಪತ್ರಗಳಲ್ಲಿ ‘ಹ್ಯಾವ್’ ಇರಬೇಕಾದೆಡೆ ‘ಹ್ಯಾಡ್’ ಕಾಣಿಸಿಕೊಳ್ಳುವುದುಂಟು. ಇದು ಕೇವಲ ವ್ಯಾಕರಣದ ಪ್ರಶ್ನೆಯಲ್ಲ. ಬಾಕಿ ವಸೂಲಿಯ ತಕರಾರಿನಲ್ಲಿ ಯಾವುದು ಮೊದಲು, ಯಾವುದು ನಂತರ ಎಂಬುದನ್ನು ಪತ್ರವೇ ಹೇಳಬೇಕಾಗುತ್ತದೆ.

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಶಿಂಷಾ ನದಿಗೆ ಕಟ್ಟಲಾದ ಈ ಅಣೆಕಟ್ಟಿನಲ್ಲಿ ನೀರು ನಿಗದಿತ ಮಟ್ಟವನ್ನು ಮೀರಿದಾಗ ಸೈಫನ್‌ಗಳು ತಾವಾಗಿಯೇ ಅದನ್ನು ಹೊರಹಾಕುತ್ತವೆ. ‘ಜಲಾಶಯ ತುಂಬಿದೆ’ ಎಂದರೆ ‘ಹ್ಯಾಸ್ ಫಿಲ್ಡ್’. ಅದರ ಫಲ ಈಗಲೂ ಕಣ್ಣಮುಂದಿದೆ. ‘ಸೈಫನ್ ಹರಿಯತೊಡಗಿದಾಗ ಜಲಾಶಯ ತುಂಬಿತ್ತು’ ಎಂದರೆ ‘ಹ್ಯಾಡ್ ಫಿಲ್ಡ್’. ಮುಗಿದುಹೋದ ಎರಡು ಘಟನೆಗಳಲ್ಲಿ ಮೊದಲಿನದು ಇದು.

ಅಂತೆಯೇ ‘ಸರಕು ಕಳುಹಿಸಿದ್ದೇವೆ’ ಎಂಬುದು ‘ವಿ ಹ್ಯಾವ್ ಸೆಂಟ್’ ಆಗುತ್ತದೆ. ‘ವಿ ಹ್ಯಾಡ್ ಸೆಂಟ್’ ಎಂದಷ್ಟೇ ಬರೆದು ನಿಲ್ಲಿಸಿದರೆ, ಅನಂತರ ಏನಾಯಿತು, ಸರಕು ಹಿಂದಿರುಗಿತೇ ಎಂಬ ಸಂಶಯ ಓದುವವನಲ್ಲಿ ಮೂಡುತ್ತದೆ.

ಆದರೆ ಕನ್ನಡದ ರೂಪವನ್ನು ಕಣ್ಣುಮುಚ್ಚಿ ಅನುಸರಿಸುವಂತಿಲ್ಲ. ‘ಕಳೆದ ಸೋಮವಾರ ಕಳುಹಿಸಿದ್ದೇವೆ’, ‘ಕಳೆದ ಸೋಮವಾರ ಕಳುಹಿಸಿದ್ದೆವು’ ಎಂಬ ಎರಡೂ ಕನ್ನಡದಲ್ಲಿ ಸಲ್ಲುತ್ತವೆ. ಇಂಗ್ಲಿಷಿನಲ್ಲಿ ಮುಗಿದ ದಿನಾಂಕದೊಡನೆ ‘ಹ್ಯಾವ್’ ಕೂಡದು. ಹೋಲಿಸಲು ನಂತರದ ಘಟನೆಯಿಲ್ಲದಿದ್ದರೆ ‘ಹ್ಯಾಡ್’ ಬೇಕಿಲ್ಲ. ಅಲ್ಲಿ ‘ವಿ ಸೆಂಟ್’ ಎಂದರೆ ಸಾಕು.

‘ಹ್ಯಾಡ್’ ಅತ್ಯಗತ್ಯವಾಗುವ ಸಂದರ್ಭವೂ ಇದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಸರಕು ತಲುಪಿದ 15 ದಿನಗಳೊಳಗೆ ಖರೀದಿದಾರನು ಲಿಖಿತ ಆಕ್ಷೇಪಣೆ ಸಲ್ಲಿಸದಿದ್ದರೆ ಅದನ್ನು ಅಂಗೀಕರಿಸಿದಂತೆಯೇ ಪರಿಗಣಿಸಲಾಗುತ್ತದೆ. ತಡವಾಗಿ ಬಂದ ಆಕ್ಷೇಪಣೆಗೆ ಉತ್ಪಾದಕನು ‘ಫಿಫ್ಟೀನ್ ಡೇಸ್ ಹ್ಯಾವ್ ಪಾಸ್ಡ್’ ಎಂದು ಉತ್ತರಿಸಿದರೆ, ಇಂದಿಗೆ 15 ದಿನಗಳು ಕಳೆದಿವೆ ಎಂದಷ್ಟೇ ಅರ್ಥ. ‘ಫಿಫ್ಟೀನ್ ಡೇಸ್ ಹ್ಯಾಡ್ ಪಾಸ್ಡ್ ವೆನ್ ವಿ ರಿಸೀವ್ಡ್ ಯುವರ್ ಆಬ್ಜೆಕ್ಷನ್’ ಎಂದರೆ ಆಕ್ಷೇಪಣೆ ಬರುವ ವೇಳೆಗಾಗಲೇ ಗಡುವು ಮುಗಿದಿತ್ತು ಎಂಬುದು ಸ್ಪಷ್ಟವಾಗುತ್ತದೆ. ಸರಕು ತಲುಪಿದ ಮತ್ತು ಆಕ್ಷೇಪಣೆ ಬಂದ ದಿನಾಂಕಗಳೆರಡನ್ನೂ ಜೊತೆಗೆ ನಮೂದಿಸುವುದು ಕ್ಷೇಮ.

ಪತ್ರಕ್ಕೆ ಸಹಿ ಹಾಕುವ ಮುನ್ನ ಮೂರು ಅಂಶಗಳನ್ನು ಪರಿಶೀಲಿಸುವುದು ಒಳಿತು. ಫಲ ಈಗಲೂ ಉಳಿದಿದ್ದು ದಿನಾಂಕ ಹೇಳದಿದ್ದರೆ ‘ಹ್ಯಾವ್’. ಮುಗಿದ ದಿನಾಂಕವಿದ್ದರೆ ಸರಳ ಭೂತಕಾಲ. ಹಿಂದಿನ ಇನ್ನೊಂದು ಘಟನೆಗಿಂತಲೂ ಮೊದಲು ನಡೆದುದನ್ನು ತೋರಿಸಬೇಕಿದ್ದರೆ ಮಾತ್ರ ‘ಹ್ಯಾಡ್’.